ಉಲ್ಲೇಖವೆಂಬ ಋಣ

ಕಳೆದ ಆಷಾಢಮಾಸದಲ್ಲಿ ಒಂದು ಸಾಯಂಕಾಲ, ಮಳೆಯು ಸ್ವಲ್ಪ ಬಿಡುವು ಕೊಟ್ಟಿದ್ದ ಸಮಯದಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನಲ್ಲಿ ಸಂಸ್ಕೃತವನ್ನು ಓದಿದವಳು. ಶಬ್ದರೂಪಗಳನ್ನು ಒಪ್ಪಿಸುವುದರಲ್ಲಿ ಅಷ್ಟೇನೂ ಚುರುಕಲ್ಲದಿದ್ದರೂ "ಹೀಗೇಕೆ?" ಎಂದು ಕೇಳುವುದರಲ್ಲಿ ಮಾತ್ರ ತರಗತಿಗೆಲ್ಲ ಮುಂದಾಗಿದ್ದಳು. ಈಗ ಆಕೆ ನರವಿಜ್ಞಾನದಲ್ಲಿ ಸಂಶೋಧನೆ ನಡೆಸುತ್ತಿರುವಳು; ಇಲಿಗಳ ಮಿದುಳಿನಲ್ಲಿ ನೆನಪು ಹೇಗೆ ನೆಲೆಗೊಳ್ಳುವುದೆಂಬುದು ಆಕೆಯ ವ್ಯಾಸಂಗದ ವಿಷಯ. ಕಾಫಿಯಾದ ಮೇಲೆ, ಕ್ಷೇಮಸಮಾಚಾರದ ಮಾತುಗಳು ಮುಗಿದು, "ನಿನ್ನ ಕೆಲಸ ಹೇಗೆ ನಡೆದಿದೆ, ತಾಯಿ?" ಎಂದು ಕೇಳಿದೆನು. ಆಕೆ ಉತ್ತರ ಹೇಳಲಿಲ್ಲ. ಕೈಯಲ್ಲಿದ್ದ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ ಆಕೆಯ ಹೆಸರು. ಹೆಸರಿನ ಕೆಳಗೆ ಮೂರು ಸಂಖ್ಯೆಗಳು. ಪ್ರಕಟವಾದ ಲೇಖನಗಳು 23, ಅವುಗಳನ್ನು ಇತರರು ಉಲ್ಲೇಖಿಸಿರುವುದು 418 ಸಲ, ಮೂರನೆಯದು 11. "ನಾನು ಅಂದರೆ ಇಷ್ಟೇ, ಮೇಷ್ಟ್ರೇ," ಎಂದಳು. ನಗುತ್ತಲೇ ಹೇಳಿದಳು, ಆದರೆ ಆ ನಗೆಯು ನನಗೆ ಹಿತವಾಗಲಿಲ್ಲ.

ಆಕೆ ಬಂದದ್ದು ಕೇವಲ ಕುಶಲಪ್ರಶ್ನೆಗಾಗಿ ಅಲ್ಲ. ಮನಸ್ಸನ್ನು ಕೊರೆಯುತ್ತಿದ್ದ ಒಂದು ಸಂದೇಹವನ್ನು ಹೇಳಿಕೊಳ್ಳುವುದಕ್ಕಾಗಿ. ಅದೇನೆಂಬುದನ್ನು ಮುಂದೆ ಅರಿಕೆಮಾಡುವೆನು. ಅದರ ತೂಕವು ವಾಚಕರಿಗೆ ತಿಳಿಯಬೇಕಾದರೆ ಮೊದಲು ಈ ಸಂಖ್ಯೆಗಳ ವಂಶಾವಳಿಯನ್ನು ಸ್ವಲ್ಪ ನೋಡಬೇಕಾಗುವುದು. ನಾನು ವಿಜ್ಞಾನಿಯಲ್ಲ, ಪಾಠಶಾಲೆಯಲ್ಲಿ ತರ್ಕ ವ್ಯಾಕರಣಗಳನ್ನು ಓದಿ, ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿ ವಿಶ್ರಾಂತನಾದವನು. ಆದರೂ ಆಕೆ ಹೋದ ಮೇಲೆ ಎರಡು ತಿಂಗಳು ಇದೇ ವಿಷಯವನ್ನು ಹಿಡಿದು ಓದಿದೆನು. ಓದಿದಷ್ಟೂ ಇದು ವಿಜ್ಞಾನದ ಪ್ರಶ್ನೆಯಾಗಿ ಕಾಣದೆ ಧರ್ಮದ ಪ್ರಶ್ನೆಯಾಗಿಯೇ ತೋರಿತು.

ವಿದ್ವಾಂಸನೊಬ್ಬನು ಏನನ್ನಾದರೂ ಬರೆಯುವಾಗ, ತನಗಿಂತ ಹಿಂದೆ ಆ ದಾರಿಯಲ್ಲಿ ನಡೆದವರನ್ನು ಹೆಸರು ಹೇಳಿ ಸ್ಮರಿಸುವುದು ಹಳೆಯ ಪದ್ಧತಿ. ಪಾಣಿನಿ ಮಹರ್ಷಿಯು ಅಕ್ಷರವೊಂದು ಉಳಿದರೂ ಲಾಭವೆಂದು ಭಾವಿಸಿ ಸೂತ್ರಗಳನ್ನು ರಚಿಸಿದವನು. ಅಂಥವನೂ ಶಾಕಟಾಯನ, ಗಾರ್ಗ್ಯ, ಶಾಕಲ್ಯ, ಆಪಿಶಲಿ ಮೊದಲಾದ ಹತ್ತು ಮಂದಿ ಪೂರ್ವಾಚಾರ್ಯರ ಹೆಸರಿಗೆ ತನ್ನ ಸೂತ್ರಗಳಲ್ಲಿ ಎಡೆಮಾಡಿಕೊಟ್ಟಿರುವನು. ಆ ಹೆಸರು ಏತಕ್ಕಾಗಿ ಬಂದಿತು, ಅವರ ಮತವು ವಿಕಲ್ಪವೆಂದು ಸೂಚಿಸಲೆಂದೋ, ಅಥವಾ ಕೇವಲ ಅವರ ಗೌರವಕ್ಕೆಂದೋ ಎಂದು ವ್ಯಾಖ್ಯಾನಕಾರರು ಒಂದೊಂದು ಸ್ಥಳದಲ್ಲಿಯೂ ವಿಚಾರಮಾಡಿರುವರು. ಎಂದರೆ, ಒಂದು ಹೆಸರನ್ನು ಹೇಳುವುದಕ್ಕೆ ಕಾರಣಗಳು ಒಂದಕ್ಕಿಂತ ಹೆಚ್ಚು ಇರುವುವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಇನ್ನು ಖಂಡನೆಗಾಗಿಯೂ ಹೆಸರು ಹೇಳುವುದುಂಟು. ಚಾರ್ವಾಕರ ಮತವು ನಮಗೆ ತಿಳಿದಿರುವುದು ಹೆಚ್ಚಾಗಿ ಅವರನ್ನು ಖಂಡಿಸಿದವರ ಗ್ರಂಥಗಳಿಂದಲೇ ಅಷ್ಟೆ. ಬರಿಯ ಉಲ್ಲೇಖಗಳನ್ನು ಎಣಿಸಿ ಪ್ರಶಸ್ತಿ ಕೊಡುವ ಪಕ್ಷದಲ್ಲಿ ಚಾರ್ವಾಕರಿಗೆ ದೊಡ್ಡದೊಂದು ಶಾಲು ಹೊದಿಸಬೇಕಾಗುತ್ತಿತ್ತು!

ಈ ಎಣಿಕೆಯ ಪದ್ಧತಿ ಹುಟ್ಟಿದ್ದು ವಿಜ್ಞಾನಿಗಳಲ್ಲಿ ಅಲ್ಲ, ವಕೀಲರಲ್ಲಿ. ಅಮೇರಿಕಾ ದೇಶದ ಇಲಿನಾಯ್ ಸಂಸ್ಥಾನದಲ್ಲಿ 1873ರಲ್ಲಿ ಫ್ರ್ಯಾಂಕ್ ಶೆಪರ್ಡ್ ಎಂಬವರು, ನ್ಯಾಯಾಲಯದ ಯಾವ ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪುಗಳಲ್ಲಿ ಎತ್ತಿಕೊಂಡಿರುವರೆಂಬುದನ್ನು ಅಂಟುಚೀಟಿಗಳಲ್ಲಿ ಅಚ್ಚುಹಾಕಿಸಿ ವಕೀಲರಿಗೆ ಮಾರತೊಡಗಿದರು. ಅದರ ಉದ್ದೇಶವು ತೀರ್ಪುಗಳನ್ನು ಗೌರವಿಸುವುದಾಗಿರಲಿಲ್ಲ. ಆ ತೀರ್ಪು ಇನ್ನೂ ಜೀವಂತವಾಗಿದೆಯೋ, ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿದೆಯೋ ಎಂಬುದನ್ನು ತಿಳಿಯುವುದಾಗಿತ್ತು. ಸತ್ತ ತೀರ್ಪನ್ನು ಹಿಡಿದುಕೊಂಡು ವಾದಿಸುವ ವಕೀಲನು ನಗೆಗೀಡಾಗುವನಷ್ಟೆ. ಇದನ್ನು ನೋಡಿ ಯೂಜೀನ್ ಗಾರ್ಫೀಲ್ಡ್ ಎಂಬ ಮಹಾಶಯರು, ವಿಜ್ಞಾನಕ್ಕೂ ಇಂಥ ಸೂಚಿಯೊಂದು ಬೇಕೆಂದು 1955ರಲ್ಲಿ ಬರೆದರು. ದೋಷಯುಕ್ತವಾದ ಲೇಖನವನ್ನು ಅರಿಯದೆ ಉದ್ಧರಿಸುವ ಪ್ರಮಾದವನ್ನು ತಪ್ಪಿಸಬೇಕೆಂಬುದು ಅವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು. 1964ರಲ್ಲಿ ಫಿಲಡೆಲ್ಫಿಯಾ ನಗರದಿಂದ ಅವರ ಸೂಚಿಯು ಹೊರಬಿದ್ದಿತು; ಮೊದಲ ಸಂಪುಟಗಳಿಗೆ ಆಧಾರವಾದ ಪತ್ರಿಕೆಗಳು 613. ಯಾವ ಪತ್ರಿಕೆಗಳನ್ನು ಸೂಚಿಗೆ ಸೇರಿಸಿಕೊಳ್ಳಬೇಕೆಂಬುದನ್ನು ನಿರ್ಣಯಿಸಲು, ಒಂದು ಪತ್ರಿಕೆಯ ಹಿಂದಿನ ಎರಡು ವರ್ಷಗಳ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖಗೊಂಡವೆಂಬ ಗಣನೆಯೂ ಹುಟ್ಟಿತು. ಅದೇ ಪ್ರಭಾವಾಂಕ. ಪತ್ರಿಕೆಯನ್ನು ಅಳೆಯಲು ಮಾಡಿದ ಕೊಳಗದಿಂದ ಕಾಲಕ್ರಮದಲ್ಲಿ ಅದರಲ್ಲಿ ಬರೆದ ಮನುಷ್ಯನನ್ನೂ ಅಳೆಯತೊಡಗಿದರು. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿಯು ಮನುಷ್ಯನಿಗೇ ನೇರವಾಗಿ ಒಂದು ಸಂಖ್ಯೆಯನ್ನು ಕಲ್ಪಿಸಿದನು. ನನ್ನ ಶಿಷ್ಯೆಯ 11 ಎಂಬುದು ಅದೇ. ಹನ್ನೊಂದು ಲೇಖನಗಳು, ಒಂದೊಂದೂ ಹನ್ನೊಂದು ಸಲಕ್ಕೆ ಕಡಮೆಯಿಲ್ಲದೆ ಉಲ್ಲೇಖಗೊಂಡಿವೆ ಎಂದರ್ಥ. ಈ ಲೆಕ್ಕದಲ್ಲಿ ಜೀವಮಾನದಲ್ಲಿ ಒಂದೇ ಒಂದು ಲೇಖನವನ್ನು ಬರೆದು, ಅದರಿಂದ ಶಾಸ್ತ್ರದ ದಿಕ್ಕನ್ನೇ ಬದಲಾಯಿಸಿದವನಿಗೆ ಸಿಕ್ಕುವ ಅಂಕವು 1.

ಈ ಸಂಖ್ಯೆಗಳು ಏನನ್ನು ಅಳೆಯುತ್ತವೆ? ನರವಿಜ್ಞಾನದಿಂದಲೇ ಒಂದೆರಡು ನಿದರ್ಶನಗಳನ್ನು ಕೊಡುವೆನು. ಆ ಶಾಸ್ತ್ರದಲ್ಲಿ ಅತ್ಯಧಿಕವಾಗಿ ಉಲ್ಲೇಖಗೊಂಡಿರುವ ಲೇಖನಗಳ ಪೈಕಿ ಓಲ್ಡ್‌ಫೀಲ್ಡ್ ಎಂಬವರು 1971ರಲ್ಲಿ ಬರೆದ ಒಂದು ಲೇಖನವಿದೆ. ಅದರಲ್ಲಿರುವುದೇನು? ಒಬ್ಬನು ಬಲಗೈಯವನೋ ಎಡಗೈಯವನೋ ಎಂಬುದನ್ನು ತಿಳಿಯಲು ಹತ್ತು ಪ್ರಶ್ನೆಗಳು. ಬರೆಯುವುದು ಯಾವ ಕೈಯಿಂದ, ಕತ್ತರಿ ಹಿಡಿಯುವುದು ಯಾವ ಕೈಯಿಂದ, ಬೆಂಕಿಕಡ್ಡಿ ಗೀಚುವುದು, ಕಸಬರಿಕೆ ಹಿಡಿಯುವಾಗ ಯಾವ ಕೈ ಮೇಲೆ, ಪೆಟ್ಟಿಗೆಯ ಮುಚ್ಚಳ ತೆಗೆಯುವುದು ಯಾವ ಕೈಯಿಂದ — ಹೀಗೆ. ಮಿದುಳನ್ನು ಪರೀಕ್ಷಿಸುವವರು ಮೊದಲು ಈ ಪ್ರಶ್ನೆಗಳನ್ನು ಕೇಳಬೇಕಾದ್ದರಿಂದ, ಹತ್ತಾರು ಸಾವಿರ ಲೇಖನಗಳ ಕೊನೆಯಲ್ಲಿ ಓಲ್ಡ್‌ಫೀಲ್ಡರ ಹೆಸರು ಕುಳಿತಿದೆ. ಉಪಯುಕ್ತವಾದ ಕೆಲಸವೇ, ಸಂದೇಹವಿಲ್ಲ. ಮದುವೆಯ ಮನೆಗೆ ಎಲ್ಲರೂ ಎರವಲು ತರುವ ದೊಡ್ಡ ಕೊಪ್ಪರಿಗೆಯಂತೆ ಅದು. ಊರಿನಲ್ಲಿ ಅದರ ಹೆಸರು ಹೇಳದ ಮದುವೆಯಿಲ್ಲ, ಆದರೆ ಅಡಿಗೆಯ ರುಚಿಯು ಅದರಿಂದ ಬಂದುದಲ್ಲ. ಸಮಸ್ತ ವಿಜ್ಞಾನಗಳಲ್ಲಿಯೂ ಅತ್ಯಂತ ಹೆಚ್ಚು ಉಲ್ಲೇಖಗೊಂಡ ಲೇಖನವೂ ಇಂಥದೇ. ಆಲಿವರ್ ಲೌರಿ ಮತ್ತು ಅವರ ಸಂಗಡಿಗರು 1951ರಲ್ಲಿ, ದ್ರಾವಣವೊಂದರಲ್ಲಿ ಪ್ರೋಟೀನು ಎಷ್ಟಿದೆಯೆಂಬುದನ್ನು ನೀಲಿಬಣ್ಣದ ಗಾಢತೆಯಿಂದ ಕಂಡುಹಿಡಿಯುವ ಕ್ರಮವನ್ನು ವಿವರಿಸಿದರು. ಅದರ ಉಲ್ಲೇಖಗಳು ಮೂರು ಲಕ್ಷವನ್ನು ಮೀರಿವೆ. ಮಿದುಳಿನ ರಸಾಯನಶಾಸ್ತ್ರದಲ್ಲಿ ಅತಿಸೂಕ್ಷ್ಮವಾದ ಕೆಲಸಗಳನ್ನು ಮಾಡಿದ್ದ ಲೌರಿಯವರೇ, ಅದು ಮಹತ್ತಾದ ಲೇಖನವಲ್ಲವೆಂದು ಒಪ್ಪಿಕೊಂಡಿದ್ದರು. ಜನರು ಅದನ್ನು ಬಳಸುವುದನ್ನು ಕಂಡು ಒಳಗೊಳಗೇ ಹಿಗ್ಗುವುದುಂಟೆಂಬುದನ್ನೂ ಮರೆಮಾಚಲಿಲ್ಲ. ಎಂಥ ಪ್ರಾಮಾಣಿಕ ಮನುಷ್ಯರು! ಜೀವದ ಅಕ್ಷರಮಾಲೆಯಾದ ಡಿಎನ್‌ಎಯ ರಚನೆಯನ್ನು ತಿಳಿಸಿದ 1953ರ ಲೇಖನವಾದರೋ, 2014ರಲ್ಲಿ ಒಂದು ಪ್ರಸಿದ್ಧ ಪತ್ರಿಕೆಯು ಮಾಡಿಸಿದ ಗಣನೆಯಲ್ಲಿ ಮೊದಲ ನೂರರೊಳಗೆ ಸೇರಲೇ ಇಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವು ಸ್ಪೇನ್ ದೇಶದ ರಮೋನ್ ಇ ಕಹಾಲರದು. ನಮ್ಮ ಶಿಷ್ಯೆಯು ಅಭ್ಯಾಸಮಾಡುವ ಶಾಸ್ತ್ರಕ್ಕೆ ಇವರನ್ನು ಮೂಲಪುರುಷರೆಂದು ಕರೆಯುವರು. ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪುಬಣ್ಣ ಬರಿಸುವ ಉಪಾಯವನ್ನು ಇಟಲಿಯ ಗಾಲ್ಜಿಯು 1873ರಲ್ಲಿ ಕಂಡುಹಿಡಿದಿದ್ದನು. ಅದೇ ಉಪಾಯವನ್ನು ತಿದ್ದಿ, ಎಳೆಯ ಪ್ರಾಣಿಗಳ ಮಿದುಳಿಗೆ ಬಳಸಿ, ನರಮಂಡಲವು ಒಂದೇ ಹೆಣೆದ ಬಲೆಯಲ್ಲ, ಬೇರೆ ಬೇರೆ ಕೋಶಗಳ ಸಮುದಾಯವೆಂದು ಕಹಾಲರು ಬಾರ್ಸಿಲೋನಾದಲ್ಲಿ ಕಂಡುಕೊಂಡರು. ಆದರೆ ಯೂರೋಪಿನ ವಿದ್ವಾಂಸರು ಓದುತ್ತಿದ್ದುದು ಜರ್ಮನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು. ಸ್ಪೇನಿನ ಭಾಷೆಯಲ್ಲಿ ಬರೆದುದನ್ನು ಯಾರು ಓದಬೇಕು? 1888ರಲ್ಲಿ ಅವರು ಸ್ವಂತ ಖರ್ಚಿನಿಂದ ತಾವೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಅಚ್ಚಾದ ಪ್ರತಿಗಳು ಅರವತ್ತು. ಬಹುಮಟ್ಟಿಗೆ ಎಲ್ಲವನ್ನೂ ಪರದೇಶದ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದರು. ಉತ್ತರವಾಗಿ ಬಂದದ್ದು ಬಹುತೇಕ ಮೌನ. ಮರುವರ್ಷ ಸೂಕ್ಷ್ಮದರ್ಶಕವನ್ನೂ ಗಾಜಿನ ಪಟ್ಟಿಗಳನ್ನೂ ಕಟ್ಟಿಕೊಂಡು, ಅದೂ ಸ್ವಂತ ಖರ್ಚಿನಿಂದಲೇ, ಬರ್ಲಿನ್ನಿನ ವಿದ್ವತ್ಸಭೆಗೆ ಹೋದರು. ಅಲ್ಲಿ 72 ವರ್ಷದ ವೃದ್ಧ ಕೋಲಿಕರ್ ಎಂಬ ಮಹಾಪಂಡಿತನು ಬಗ್ಗಿ ನೋಡಿದನು. ನೋಡಿ ತನ್ನ ಹಿಂದಿನ ಅಭಿಪ್ರಾಯವನ್ನೇ ಬಿಟ್ಟನು. ಕಹಾಲರನ್ನು ಓದುವುದಕ್ಕಾಗಿ ಆ ವಯಸ್ಸಿನಲ್ಲಿ ಸ್ಪೇನಿನ ಭಾಷೆಯನ್ನೂ ಕಲಿತನೆಂದು ಹೇಳುವರು. 1906ರಲ್ಲಿ ನೊಬೆಲ್ ಬಹುಮಾನವು ಕಹಾಲರಿಗೂ ಗಾಲ್ಜಿಗೂ ಒಟ್ಟಿಗೆ ಬಂದಿತು. ಗಾಲ್ಜಿಯು ತನ್ನ ಬಹುಮಾನದ ಉಪನ್ಯಾಸದಲ್ಲಿ ಕಹಾಲರ ಸಿದ್ಧಾಂತವನ್ನೇ ಖಂಡಿಸಿದನು. ಆ ಖಂಡನೆಯನ್ನೂ ಇಂದಿನ ಯಂತ್ರವು ಒಂದು ಉಲ್ಲೇಖವೆಂದು ಎಣಿಸಿ ಕಹಾಲರ ಲೆಕ್ಕಕ್ಕೆ ಜಮೆ ಮಾಡುತ್ತಿತ್ತು. ನಾನು ಹೇಳಬೇಕೆಂದಿರುವುದು ಇಷ್ಟು: ಕೋಲಿಕರನು ಎಣಿಸಲಿಲ್ಲ, ನೋಡಿದನು. ಎಣಿಸುವವನಿಗೆ ನೋಡುವ ಶ್ರಮವಿಲ್ಲ.

ಇಲ್ಲಿ ನಮ್ಮ ತಾರ್ಕಿಕರ ಮಾತೊಂದು ನೆನಪಾಗುತ್ತದೆ. ಪಾಠಶಾಲೆಯಲ್ಲಿ ಮುಕ್ತಾವಳಿಯನ್ನು ಓದಿದವರಿಗೆ ಇದು ತಿಳಿದ ವಿಷಯವೇ. ಸಂಖ್ಯೆಯೆಂಬುದು ದ್ರವ್ಯದಲ್ಲಿರುವ ಒಂದು ಗುಣ. ಅದರಲ್ಲಿ ಏಕತ್ವವೇನೋ ವಸ್ತುವಿನಲ್ಲಿ ತಾನೇ ಇರುವುದು. ಆದರೆ ಎರಡರಿಂದ ಪರಾರ್ಧದವರೆಗಿನ ಸಂಖ್ಯೆಗಳೆಲ್ಲವೂ ಎಣಿಸುವವನ ಅಪೇಕ್ಷಾಬುದ್ಧಿಯಿಂದ ಹುಟ್ಟತಕ್ಕವು. "ಇದೊಂದು, ಇದೊಂದು" ಎಂದು ಒಬ್ಬನು ಒಟ್ಟುಗೂಡಿಸಿ ನೋಡಿದಾಗಲೇ ಎರಡು ಮಾವಿನಹಣ್ಣುಗಳಲ್ಲಿ ದ್ವಿತ್ವವು ಬರುವುದು. ಆ ಬುದ್ಧಿಯು ಹೋದರೆ ದ್ವಿತ್ವವೂ ಹೋಗುವುದು. ಹಣ್ಣು ಮಾತ್ರ ಉಳಿಯುವುದು. ಬಾಲ್ಯದಲ್ಲಿ ಇದನ್ನು ನಾವು ಕೂದಲು ಸೀಳುವ ವಾದವೆಂದು ಹಿಂದಿನಿಂದ ನಗುತ್ತಿದ್ದೆವು. 418 ಎಂಬ ಸಂಖ್ಯೆಯನ್ನು ನೋಡಿದಾಗ ಅದರ ಸ್ವಾರಸ್ಯವು ಹೊಳೆಯಿತು. ಆ 418 ನನ್ನ ಶಿಷ್ಯೆಯಲ್ಲಿ ಇಲ್ಲ. ಎಣಿಸುವವನು ಯಾವ ಪತ್ರಿಕೆಗಳನ್ನು ಗಣನೆಗೆ ತಂದುಕೊಂಡನು, ಯಾವುದನ್ನು ಬಿಟ್ಟನು ಎಂಬುದರ ಮೇಲೆ ಅದು ನಿಂತಿದೆ. ವಾಸ್ತವವಾಗಿ ಬೇರೆ ಬೇರೆ ಸೂಚಿಗಳಲ್ಲಿ ಒಬ್ಬರದೇ ಲೆಕ್ಕವು ಬೇರೆ ಬೇರೆಯಾಗಿರುವುದಂತೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ತಾರ್ಕಿಕರ ಮತದಲ್ಲಿ ಜ್ಞಾನವು ಆತ್ಮನ ಗುಣ, ಗುಣದಲ್ಲಿ ಗುಣವಿರಲಾರದು, ಆದ್ದರಿಂದ ಜ್ಞಾನದಲ್ಲಿ ಸಂಖ್ಯೆಯಿರಲಾರದು! ಈ ಯುಕ್ತಿಯನ್ನು ಹೇಳಿ ನಾನು ಬೀಗುತ್ತಿರುವಾಗ, "ಹಾಗಾದರೆ ಗುಣಗಳು ಇಪ್ಪತ್ತನಾಲ್ಕು ಎಂದು ಅವರೇ ಎಣಿಸಿದ್ದಾರಲ್ಲ ಮೇಷ್ಟ್ರೇ?" ಎಂದು ಆಕೆ ಕೇಳಿದಳು. ಆ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಸಮಾಧಾನವುಂಟು. ಆದರೆ ಅದು ಸುತ್ತುಬಳಸಿನ ಸಮಾಧಾನ. ಎಣಿಸಬಾರದೆಂದು ಹೇಳುವವನೂ ಎಣಿಸದೆ ಇರಲಾರನೆಂಬುದನ್ನು ಅಂದು ಒಪ್ಪಿಕೊಳ್ಳಬೇಕಾಯಿತು.

ಪೂರ್ವಪಕ್ಷವನ್ನು ಪೂರ್ಣವಾಗಿ ಹೇಳದೆ ಸಿದ್ಧಾಂತಕ್ಕೆ ಹೋಗುವುದು ನಮ್ಮ ಸಂಪ್ರದಾಯವಲ್ಲ. ಈ ಲೆಕ್ಕವೇ ಇಲ್ಲದಿದ್ದ ಕಾಲವು ಸತ್ಯಯುಗವಾಗಿತ್ತೆ? ನಾನು ಉಪಾಧ್ಯಾಯವೃತ್ತಿಯನ್ನು ಅರಸುತ್ತಿದ್ದ ಹೊಸದರಲ್ಲಿ ಒಂದು ಆಡಳಿತ ಮಂಡಲಿಯ ಮುಂದೆ ಸಂದರ್ಶನಕ್ಕೆ ಹೋಗಿದ್ದೆನು. ಅಲ್ಲಿ ನನಗೆ ಹಾಕಿದ ಮೊದಲನೆಯ ಪ್ರಶ್ನೆಯು "ನೀವು ಯಾರ ಪೈಕಿ?" ಎಂಬುದಾಗಿತ್ತು. ಎರಡನೆಯ ಪ್ರಶ್ನೆಯೇ ಬರಲಿಲ್ಲ. ಅಂಥ ಸಭೆಯಲ್ಲಿ ಕುಳಿತವರಿಗೆ ಒಂದು ಸಂಖ್ಯೆಯನ್ನಾದರೂ ತೋರಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತೆಂದು ಬಸ್ಸಿನಲ್ಲಿ ಹಿಂದಿರುಗುವಾಗ ಅಂದುಕೊಂಡಿದ್ದೆನು. ಸಂಖ್ಯೆಗೆ ಜಾತಿಯಿಲ್ಲ, ಬಳಗವಿಲ್ಲ, ಶಿಫಾರಸು ಪತ್ರವಿಲ್ಲ. ದೂರದ ಸಣ್ಣ ಊರಿನ ಕಾಲೇಜಿನಲ್ಲಿ ಯಾರ ಆಶ್ರಯವೂ ಇಲ್ಲದೆ ದುಡಿಯುವ ಪಂಡಿತನಿಗೆ, "ನನ್ನ ಕೆಲಸವನ್ನು ಪರದೇಶದಲ್ಲಿ ನಾಲ್ಕು ಮಂದಿ ಓದಿ ಬಳಸಿದ್ದಾರೆ" ಎಂದು ತೋರಿಸಲು ಇದೊಂದು ಸಾಧನ. ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2010ರಲ್ಲಿ ಅಧ್ಯಾಪಕರ ಬಡತಿಗೆ ಲೇಖನಗಳಿಗಿಷ್ಟು ಗ್ರಂಥಗಳಿಗಿಷ್ಟು ಎಂದು ಅಂಕಗಳನ್ನು ಗೊತ್ತುಮಾಡಿದಾಗಲೂ ಉದ್ದೇಶವು ಕೆಟ್ಟದ್ದಾಗಿರಲಿಲ್ಲ. ಆಮೇಲೆ ಹಣ ಕೊಟ್ಟವರದ್ದನ್ನೆಲ್ಲ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದದ್ದು ಬೇರೆ ಕಥೆ. ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಎಂಬ ನರವಿಜ್ಞಾನಿಯನ್ನು 2016ರಲ್ಲಿ ಒಂದು ಗಣಕಯಂತ್ರದ ಗಣನೆಯು ಆ ಶಾಸ್ತ್ರದವರಲ್ಲೆಲ್ಲ ಅಗ್ರಗಣ್ಯನೆಂದು ಹೇಳಿತು; ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸಲು ಆತನು ರಚಿಸಿದ ಕ್ರಮವನ್ನು ಲೋಕವೆಲ್ಲ ಉಚಿತವಾಗಿ ಬಳಸುತ್ತಿರುವುದು ನಿಜ. ಅಲ್ಲಿ ಸಂಖ್ಯೆಯೂ ಯೋಗ್ಯತೆಯೂ ಜೊತೆಯಾಗಿಯೇ ನಡೆದಿವೆಯೆಂದು ತಿಳಿದವರು ಹೇಳುವರು. ಆದುದರಿಂದ ಸಂಖ್ಯೆಯೇ ಪಾಪವೆನ್ನಲಾಗದು.

ಪಾಪವು ಎಲ್ಲಿಂದ ಒಳಹೊಗುವುದೆಂಬುದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನನ್ನ ವಿಷಯದ ಫಲಿತಾಂಶವು ಎಷ್ಟೋ ವರ್ಷ ಸತತವಾಗಿ ಶೇಕಡಾ ನೂರು ಇದ್ದಿತು. ಅದಕ್ಕಾಗಿ ಸನ್ಮಾನವೂ ಆಯಿತು. ಆ ಶಾಲು ಇಂದಿಗೂ ಪೆಟ್ಟಿಗೆಯಲ್ಲಿದೆ. ಆ ನೂರು ಹೇಗೆ ಬಂದಿತೆಂಬುದನ್ನು ಈ ವಯಸ್ಸಿನಲ್ಲಿ ಬಚ್ಚಿಟ್ಟು ಫಲವೇನು? ಪಾಸಾಗುವ ಭರವಸೆಯಿಲ್ಲದ ಮೂವರು ಹುಡುಗರ ತಂದೆಯರನ್ನು ಒಂದು ವರ್ಷ ಕರೆಯಿಸಿ, "ಈ ಸಲ ಬೇಡ, ಮುಂದಿನ ಸಲ ಖಾಸಗಿಯಾಗಿ ಕಟ್ಟಿಸಿ" ಎಂದು ಹೇಳಿದವನು ನಾನೇ. ಅವರು ನನ್ನ ಮಾತನ್ನು ನಂಬಿದರು. ಮೂವರಲ್ಲಿ ಇಬ್ಬರು ಮತ್ತೆ ಪರೀಕ್ಷೆಯ ಕಡೆ ತಲೆಹಾಕಲಿಲ್ಲ. ಒಬ್ಬನು ಈಗ ಬಸ್‌ನಿಲ್ದಾಣದ ಹತ್ತಿರ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವನು. ಕಂಡಾಗಲೆಲ್ಲ ಎದ್ದು ನಿಂತು ನಮಸ್ಕಾರ ಮಾಡುವನು, ನನ್ನ ಮೊಮ್ಮಗನ ಸೈಕಲ್ಲಿಗೆ ಗಾಳಿ ಹಾಕಿ ಕಾಸು ತೆಗೆದುಕೊಳ್ಳಲೊಲ್ಲನು. ನನ್ನ ಪಾಠವು ಚೆನ್ನಾಗಿದೆಯೆಂಬುದಕ್ಕೆ ಫಲಿತಾಂಶವು ಕುರುಹಾಗಿದ್ದಷ್ಟು ದಿನ ಅದು ನಿರುಪದ್ರವಿಯಾಗಿದ್ದಿತು. ಕುರುಹೇ ಗುರಿಯಾದ ದಿನ, ಆ ಹುಡುಗರು ನನ್ನ ಕಣ್ಣಿಗೆ ವಿದ್ಯಾರ್ಥಿಗಳಾಗಿ ಕಾಣದೆ ನೂರರಿಂದ ಕಳೆಯತಕ್ಕ ಅಂಕಗಳಾಗಿ ಕಂಡರು. 1975ರಲ್ಲಿ ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರು ಹಣದ ವ್ಯವಹಾರವನ್ನು ಕುರಿತು ಇಂಥದೇ ಒಂದು ಮಾತನ್ನು ಹೇಳಿರುವರಂತೆ. ಅದನ್ನು ನಾನು ಓದಿದ್ದು ಈಚೆಗೆ.

ಈಗ ಶಿಷ್ಯೆಯ ಪ್ರಶ್ನೆಗೆ ಬರುವೆನು. ವಿಜ್ಞಾನದ ಪತ್ರಿಕೆಗೆ ಕಳುಹಿಸಿದ ಲೇಖನವನ್ನು ಹೆಸರು ತಿಳಿಸದ ಪರೀಕ್ಷಕರು ನೋಡಿ ಸಲಹೆ ಕೊಡುವುದು ಪದ್ಧತಿ. ಆಕೆಯ ಲೇಖನವನ್ನು ನೋಡಿದ ಇಬ್ಬರಲ್ಲಿ ಒಬ್ಬನು, ಈ ನಾಲ್ಕು ಲೇಖನಗಳನ್ನು ಉಲ್ಲೇಖಿಸಿದ ಹೊರತು ಇದು ಪ್ರಕಟಣಯೋಗ್ಯವಲ್ಲವೆಂದು ಬರೆದನು. ನಾಲ್ಕರ ಮೇಲೆಯೂ ಒಬ್ಬನದೇ ಹೆಸರು. ಆ ಪರೀಕ್ಷಕನು ಯಾರೆಂದು ಊಹಿಸಲು ತರ್ಕಶಾಸ್ತ್ರವೇನೂ ಬೇಕಾಗಿರಲಿಲ್ಲ. ಆಕೆ ನಾಲ್ಕನ್ನೂ ಓದಿದಳು. ಎರಡು ಲೇಖನಗಳಿಗೆ ದೂರದ ಸಂಬಂಧವಿದ್ದಿತು. ಉಳಿದೆರಡಕ್ಕೆ ಏನೂ ಇರಲಿಲ್ಲ. ಆಕೆಯ ಕೈಕೆಳಗೆ ಇಬ್ಬರು ಸಂಶೋಧನ ವಿದ್ಯಾರ್ಥಿಗಳು. ಒಬ್ಬನ ವಿದ್ಯಾರ್ಥಿವೇತನದ ಅವಧಿಯು ಮುಗಿಯುತ್ತ ಬಂದಿದ್ದಿತು. ಲೇಖನವು ಅಚ್ಚಾಗದೆ ಅವನು ಪದವಿಯ ಪ್ರಬಂಧವನ್ನು ಒಪ್ಪಿಸುವಂತಿರಲಿಲ್ಲ. ಈ ವಿಷಯದಲ್ಲಿ ಇತರರೂ ಕೆಲಸಮಾಡಿದ್ದಾರೆಂದು ಒಂದು ವಾಕ್ಯವನ್ನು ಸೇರಿಸಿ, ನಾಲ್ಕನ್ನೂ ಉಲ್ಲೇಖಿಸಿದಳು. ಲೇಖನವು ಅಚ್ಚಾಯಿತು. "ನಾನು ಸುಳ್ಳು ಹೇಳಿದೆನೆ, ಮೇಷ್ಟ್ರೇ?" ಎಂಬುದೇ ಪ್ರಶ್ನೆ.

ಇದ್ದ ಸಾಲವನ್ನು ಇಲ್ಲವೆನ್ನುವುದು ಅನೃತವೆಂಬುದರಲ್ಲಿ ವಿವಾದವಿಲ್ಲ. ಇಲ್ಲದ ಸಾಲವನ್ನು ಉಂಟೆನ್ನುವುದು? ಅದರಿಂದ ಹೇಳಿದವನಿಗೇ ಅಲ್ಲವೆ ನಷ್ಟ? ನಾನು ಮೊದಲು ಆಕೆಯನ್ನು ಸಮಾಧಾನಪಡಿಸುವ ಮಾತನ್ನೇ ಆಡಿದೆನು. "ಮಗು, ಲಗ್ನಪತ್ರಿಕೆಯಲ್ಲಿ ಆಗಮನಾಭಿಲಾಷಿಗಳೆಂದು ಬಳಗದ ಹಿರಿಯರ ಹೆಸರನ್ನೆಲ್ಲ ಹಾಕಿಸುತ್ತೇವಷ್ಟೆ. ಅವರಲ್ಲಿ ಅರ್ಧ ಮಂದಿಗೆ ಮದುವೆಯ ದಿನಾಂಕವೂ ಗೊತ್ತಿರುವುದಿಲ್ಲ. ಹಾಕಿಸದಿದ್ದರೆ ಮುನಿಸು. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ, ಅದು ಉಪಚಾರ," ಎಂದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಗ್ನಪತ್ರಿಕೆ ಓದಿ ಯಾರೂ ಔಷಧ ಕುಡಿಯುವುದಿಲ್ಲ, ಮೇಷ್ಟ್ರೇ," ಎಂದಳು.

ಆ ಮಾತಿನ ಹಿಂದೆ ಇದ್ದ ಸಂಗತಿ ಹೀಗೆ. ಮುಪ್ಪಿನಲ್ಲಿ ನೆನಪನ್ನು ಅಳಿಸಿಹಾಕುವ ಆಲ್ಝೈಮರ್ ವ್ಯಾಧಿಯ ವಿಷಯದಲ್ಲಿ 2006ರಲ್ಲಿ ಅಮೇರಿಕಾದಿಂದ ಒಂದು ಲೇಖನವು ಬಹುದೊಡ್ಡ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಿದುಳಿನಲ್ಲಿ ಸೇರಿಕೊಳ್ಳುವ ಅಮೈಲಾಯ್ಡ್ ಎಂಬ ಪ್ರೋಟೀನಿನ ಒಂದು ವಿಶೇಷ ರೂಪವನ್ನು ಎಳೆಯ ಇಲಿಗಳಿಗೆ ಚುಚ್ಚಿದರೆ ಅವು ಕಲಿತದ್ದನ್ನು ಮರೆಯುವುವೆಂದು ಅದರಲ್ಲಿ ಹೇಳಿದ್ದಿತು. ಎರಡು ಸಾವಿರಕ್ಕೂ ಮಿಕ್ಕ ಲೇಖನಗಳು ಅದನ್ನು ಉಲ್ಲೇಖಿಸಿದವು. ಅದರ ಚಿತ್ರಗಳಲ್ಲಿ ಕೈಚಳಕ ನಡೆದಿದೆಯೆಂಬ ಆಕ್ಷೇಪವು 2022ರಲ್ಲಿ ಬಹಿರಂಗವಾಗಿ, 2024ರಲ್ಲಿ ಲೇಖನವನ್ನು ಹಿಂತೆಗೆದುಕೊಂಡರು. ಆ ವ್ಯಾಧಿಯ ವಿಚಾರವೆಲ್ಲ ಈ ಒಂದೇ ಲೇಖನದ ಮೇಲೆ ನಿಂತಿದ್ದಿತೆನ್ನುವುದು ಅನ್ಯಾಯ; ಹಾಗಿರಲಿಲ್ಲ. ಆದರೆ ಹದಿನಾರು ವರ್ಷಗಳ ಕಾಲ, ಪ್ರಶ್ನಿಸಹೋದವನಿಗೆ ಎರಡು ಸಾವಿರ ಉಲ್ಲೇಖಗಳು ಕೋಟೆಯ ಗೋಡೆಯಂತೆ ಎದುರಾಗಿದ್ದುವಷ್ಟೆ. ಉಲ್ಲೇಖಿಸಿದವರಲ್ಲಿ ಎಷ್ಟು ಮಂದಿ ಅದನ್ನು ತಾವೇ ಪರೀಕ್ಷಿಸಿದ್ದರು? ಸತ್ತ ತೀರ್ಪನ್ನು ಗುರುತಿಸಲೆಂದು ಹುಟ್ಟಿದ ಸೂಚಿಯು ಸತ್ತ ಲೇಖನಕ್ಕೆ ಜೀವವಿರುವಂತೆ ತೋರಿಸಿತು. ತಾಯಿಯು ತನ್ನ ಹೆಸರನ್ನೇ ಮರೆತುದನ್ನು ನೋಡುತ್ತ ಕುಳಿತಿರುವ ಮನೆಗಳು ನಮ್ಮ ಬೀದಿಯಲ್ಲಿಯೂ ಇವೆ. ಆ ಮನೆಯವರು ವಿಜ್ಞಾನಿಗಳ ಮಾತನ್ನು ಆಪ್ತವಾಕ್ಯವೆ೦ದು ಕಾಯುತ್ತಿರುವರು.

ಆದ್ದರಿಂದ ನನ್ನ ಮೊದಲಿನ ಮಾತನ್ನು ಅಲ್ಲಿಯೇ ಹಿಂತೆಗೆದುಕೊಂಡೆನು. ಉಲ್ಲೇಖವು ಸಾಲದ ಒಪ್ಪಿಗೆ ಮಾತ್ರವಲ್ಲ, ಸಾಕ್ಷ್ಯ. "ಇದನ್ನು ನಾನು ನೋಡಿದ್ದೇನೆ, ಇದರ ಮೇಲೆ ನನ್ನ ಭಾರವನ್ನು ಬಿಟ್ಟಿದ್ದೇನೆ" ಎಂದು ಅದು ಮೂರನೆಯವನಿಗೆ ಹೇಳುತ್ತದೆ. ನಂಬಿಕೆಯನ್ನು ಹುಟ್ಟಿಸುವ ಮಾತನ್ನು ನಂಬಿಕೆಯಿಲ್ಲದೆ ಆಡಿದರೆ ಅದಕ್ಕೆ ನಮ್ಮ ಸ್ಮೃತಿಕಾರರು ಕೊಟ್ಟಿರುವ ಹೆಸರು ಕೂಟಸಾಕ್ಷ್ಯ. ಅದನ್ನು ಅವರು ಸಣ್ಣ ಪಾಪಗಳ ಸಾಲಿನಲ್ಲಿ ಇಟ್ಟಿಲ್ಲ. ಹಾಗೆಂದು ಬೆದರಿಸಿ ಹೇಳಿಸಿದ ಸಾಕ್ಷ್ಯಕ್ಕೂ ಹಣಕ್ಕೆ ಮಾರಿದ ಸಾಕ್ಷ್ಯಕ್ಕೂ ಭೇದವಿಲ್ಲವೆಂದು ನಾನು ಹೇಳಲೊಲ್ಲೆ. ಬೆದರಿಸಿದವನ ಪಾಲು ದೊಡ್ಡದು. ಆಕೆಯ ಸ್ಥಿತಿಯು ಆಪದ್ಧರ್ಮದ ಸ್ಥಿತಿ. ತನ್ನ ಹೊಟ್ಟೆಗಾಗಿ ಅಲ್ಲ, ಇನ್ನೊಬ್ಬ ಹುಡುಗನ ಅನ್ನಕ್ಕಾಗಿ ಮಾಡಿದಳು. ಆದರೆ ಆಪತ್ತಿನಲ್ಲಿ ಮಾಡಿದ್ದಕ್ಕೆ ಕ್ಷಮೆಯುಂಟೆಂದು ಹೇಳಿದ ಶಾಸ್ತ್ರವೇ ಅದಕ್ಕೆ ಪ್ರಾಯಶ್ಚಿತ್ತವುಂಟೆಂದೂ ಹೇಳಿರುವುದು. "ಹೌದು ಮಗು, ಸುಳ್ಳೇ ಆಯಿತು," ಎಂದೆನು. ವಿಚಿತ್ರವೆಂದರೆ, ಸಮಾಧಾನದ ಮಾತಿಗಿಂತಲೂ ಈ ಮಾತಿನಿಂದಲೇ ಆಕೆಯ ಮುಖವು ಹಗುರವಾದಂತೆ ಕಂಡಿತು. ಮುಂದೆ ಇಂಥ ಬೇಡಿಕೆ ಬಂದರೆ ಸಂಪಾದಕರಿಗೆ ನೇರವಾಗಿ ಬರೆಯುವೆನೆಂದಳು. ಬರೆ ಎಂದು ಹೇಳುವುದು ನನಗೆ ಸುಲಭ. ತಿಂಗಳ ಮೊದಲ ವಾರದಲ್ಲಿ ನನ್ನ ಪಿಂಚಣಿ ಬ್ಯಾಂಕಿಗೆ ಬಂದು ಬೀಳುವುದು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಿಜ್ಞಾನಿಗಳೂ ಸಂಪಾದಕರೂ ಸೇರಿ, ಪತ್ರಿಕೆಯ ಅಂಕದಿಂದ ಮನುಷ್ಯನ ಯೋಗ್ಯತೆಯನ್ನು ನಿರ್ಣಯಿಸಬಾರದೆಂದು ಒಂದು ಘೋಷಣೆಯನ್ನು ಸಿದ್ಧಪಡಿಸಿದರಂತೆ. ಆಕೆಯ ಬಡತಿಯನ್ನು ನಿಶ್ಚಯಿಸುವ ಸಮಿತಿಯು ಅದನ್ನು ಓದಿದೆಯೋ ಇಲ್ಲವೋ!

ಹೊರಡುವ ಮುನ್ನ ಆಕೆ ಇನ್ನೊಂದು ಕಥೆಯನ್ನು ಹೇಳಿದಳು. ಹೆನ್ರಿ ಮೊಲೈಸನ್ ಎಂಬ ಅಮೇರಿಕಾದ ತರುಣನಿಗೆ ಮೂರ್ಛೆರೋಗವನ್ನು ನಿಲ್ಲಿಸಲೆಂದು 1953ರಲ್ಲಿ, ಅವನ 27ನೆಯ ವಯಸ್ಸಿನಲ್ಲಿ, ಮಿದುಳಿನ ಎರಡು ಪಕ್ಕಗಳಿಂದಲೂ ಹಿಪೊಕ್ಯಾಂಪಸ್ ಎಂಬ ಭಾಗವನ್ನು ವೈದ್ಯರು ತೆಗೆದುಹಾಕಿದರು. ಅಲ್ಲಿಂದ ಮುಂದೆ ಅವನಲ್ಲಿ ಹೊಸ ನೆನಪು ನಿಲ್ಲಲಿಲ್ಲ. ಈಗ ಭೇಟಿಯಾದವರನ್ನು ಸ್ವಲ್ಪ ಹೊತ್ತಿನಲ್ಲಿ ಮರೆಯುವನು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದಲು ಅವನಿಗೆ ಕೊಟ್ಟಾಗ, ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಅದನ್ನು ಹಿಂದೆ ಮಾಡಿದ್ದೇನೆಂಬುದೇ ಅವನಿಗೆ ತಿಳಿಯದು. ನೆನಪು ಒಂದೇ ಬಗೆಯದಲ್ಲವೆಂಬುದು ಹಾಗೆ ಲೋಕಕ್ಕೆ ಗೊತ್ತಾಯಿತು. ಮಿಲ್ನರ್ ಮತ್ತು ಆ ಶಸ್ತ್ರವೈದ್ಯರು 1957ರಲ್ಲಿ ಬರೆದ ಲೇಖನಕ್ಕೆ ಸಾವಿರಾರು ಉಲ್ಲೇಖಗಳಿವೆ. ಅರ್ಧ ಶತಮಾನಕ್ಕೂ ಮೀರಿ ಅವನು ಒಂದರ ಮೇಲೊಂದು ಪರೀಕ್ಷೆಗಳಿಗೆ ಬೇಸರಿಸದೆ ಕುಳಿತನು. 2008ರಲ್ಲಿ ಸಾಯುವವರೆಗೆ ಲೇಖನಗಳಲ್ಲಿ ಅವನು ಬರಿಯ ಎರಡು ಅಕ್ಷರ, ಎಚ್. ಎಂ.; ಸತ್ತ ಮೇಲೆ ಅವನ ಮಿದುಳನ್ನು 2,401 ಹೋಳುಗಳಾಗಿ ಸೀಳಿ ಕಾಪಾಡಿರುವರು. "ನಾವು ಉಲ್ಲೇಖಿಸುವುದು ಬರೆದವರನ್ನು, ಮೇಷ್ಟ್ರೇ, ಅವನ ಹೆಸರಿನಲ್ಲಿ ಯಾವ ಖಾತೆಯೂ ಇಲ್ಲ," ಎಂದಳು. ನನಗೆ ಏಕೋ ಆ ಪಂಕ್ಚರ್ ಅಂಗಡಿಯ ಹುಡುಗನ ನೆನಪಾಯಿತು. ಹುಡುಗನೆಂದೆ, ಅವನಿಗೂ ಈಗ ತಲೆ ನರೆತಿದೆ.

ದಸರೆಯ ಹೊತ್ತಿಗೆ ಆಕೆಯಿಂದ ಒಂದು ಓಲೆ ಬಂದಿತು. ಅಪೇಕ್ಷಾಬುದ್ಧಿಯ ವಿಚಾರವನ್ನು ತಾನು ಬರೆಯುತ್ತಿರುವ ಒಂದು ಲೇಖನದಲ್ಲಿ ಎತ್ತಿಕೊಳ್ಳಬೇಕೆಂದಿರುವುದಾಗಿಯೂ, ಅಲ್ಲಿ ನನ್ನ ಹೆಸರನ್ನು ಹಾಕಲು ಅಪ್ಪಣೆ ಬೇಕೆಂದೂ ಬರೆದಿದ್ದಳು. ಅದು ನನ್ನದಲ್ಲ, ವಿಶ್ವನಾಥ ಪಂಚಾನನನ ಮುಕ್ತಾವಳಿಯಲ್ಲಿ ಇರುವುದು. ಗ್ರಂಥವನ್ನು ತರಿಸಿ ನೀನೇ ಓದಿ, ಅರ್ಥವಾದರೆ ಅವನ ಹೆಸರನ್ನು ಹಾಕು, ಆಗದಿದ್ದರೆ ಬಿಟ್ಟುಬಿಡು ಎಂದು ಉತ್ತರ ಬರೆದೆನು. ಗ್ರಂಥವನ್ನು ತರಿಸಿಕೊಂಡಿದ್ದಾಳೆ. ದ್ವಿತ್ವದ ಪ್ರಕರಣದ ಎರಡನೆಯ ಪಂಕ್ತಿಯಲ್ಲಿ ಸಿಕ್ಕಿಕೊಂಡಿರುವಳಂತೆ. ಬರುವ ಭಾನುವಾರ ದೂರವಾಣಿಯಲ್ಲಿ ಪಾಠ ಹೇಳಬೇಕಾಗಿದೆ.